ದಾಖಲೆಗಳ ಜೋಡಣೆ: ‘ಭೂಮಿ’–‘ಕಾವೇರಿ’ಯಿಂದ ವರ್ತಕರಿಗೆ ಪಾಠ

ಕುಂಸಿ ಹೋಬಳಿಯ ಅಡಿಕೆ ತೋಟವೊಂದು ಕ್ರಯಕ್ಕೆ ಬಂದರೆ ಖರೀದಿದಾರನು ಪರಿಶೀಲಿಸಬೇಕಾದ ದಾಖಲೆಗಳು ಒಂದೆಡೆ ಇರುವುದಿಲ್ಲ. ಪಹಣಿ ಕಂದಾಯ ಇಲಾಖೆಯದು, ನಕ್ಷೆ ಭೂಮಾಪನ ಇಲಾಖೆಯದು, ಕ್ರಯಪತ್ರ ಉಪನೋಂದಣಿ ಕಚೇರಿಯದು, ಅಡಮಾನದ ಲೆಕ್ಕ ಬ್ಯಾಂಕಿನದು. ಇವುಗಳ ನಡುವೆ ಸಂಪರ್ಕವಿಲ್ಲದಿದ್ದ ಕಾಲದಲ್ಲಿ ಸಾಲವಿರುವ ಜಮೀನನ್ನು ಋಣಮುಕ್ತವೆಂದು ಮಾರುವುದಕ್ಕೂ, ಮಾರಾಟದ ನಂತರವೂ ಖಾತೆ ಹಳೆಯ ಹೆಸರಿನಲ್ಲೇ ಉಳಿಯುವುದಕ್ಕೂ ಅವಕಾಶವಿತ್ತು.

‘ಭೂಮಿ’ ಯೋಜನೆಯಡಿ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕೀಕೃತಗೊಂಡವು. ಅದರ ತಂತ್ರಾಂಶ ಎನ್‌ಐಸಿಯದು. ನೋಂದಣಿ ಇಲಾಖೆಯ ಮೊದಲ ‘ಕಾವೇರಿ’ ತಂತ್ರಾಂಶ ಸಿ-ಡ್ಯಾಕ್‌ನದು. ಬೇರೆ ಬೇರೆ ಸಂಸ್ಥೆಗಳು ರೂಪಿಸಿದ ಇವೆರಡನ್ನು ಬೆಸೆಯುವುದೇ ಪ್ರತ್ಯೇಕ ಕಾರ್ಯವಾಯಿತು.

ಈ ಬೆಸುಗೆಯ ಕೊಂಡಿ ಗ್ರಾಮ, ಸರ್ವೆ ನಂಬರು ಮತ್ತು ಹಿಸ್ಸಾ. ಕೃಷಿ ಜಮೀನಿನ ನೋಂದಣಿಯ ವೇಳೆ ಮಾಲೀಕನ ಹೆಸರು, ವಿಸ್ತೀರ್ಣಗಳು ‘ಭೂಮಿ’ಯಿಂದಲೇ ದೊರೆಯುತ್ತವೆ, ಭಾಗಶಃ ಮಾರಾಟಕ್ಕೆ 11ಇ ನಕ್ಷೆ ‘ಮೋಜಿಣಿ’ಯಿಂದ ಬರುತ್ತದೆ. ನೋಂದಣಿ ಮುಗಿದೊಡನೆ ಜೆ-ಸ್ಲಿಪ್ ‘ಭೂಮಿ’ಗೆ ರವಾನೆಯಾಗಿ ಖಾತೆ ಬದಲಾವಣೆ ಆರಂಭವಾಗುತ್ತದೆ. 2023ರಲ್ಲಿ ಬಂದ ‘ಕಾವೇರಿ 2.0’ರಲ್ಲಿ ಪತ್ರದ ವಿವರಗಳನ್ನು ಮನೆಯಿಂದಲೇ ಸಲ್ಲಿಸಬಹುದಾಗಿದೆ.

ಆದರೆ ಜೋಡಣೆಯು ತಪ್ಪನ್ನು ತಿದ್ದುವುದಿಲ್ಲ. ಮೂಲ ಪಹಣಿಯಲ್ಲಿ ಹೆಸರು ತಪ್ಪಾಗಿದ್ದರೆ ಆ ತಪ್ಪು ಮುಂದಿನ ಕಚೇರಿಗೂ ಹಾಗೆಯೇ ಸಾಗುತ್ತದೆ. ಪೋಡಿಯಾಗದ ಜಂಟಿ ಪಹಣಿಯ ತೊಡಕು ಗಣಕಯಂತ್ರದಿಂದ ಬಗೆಹರಿಯುವಂಥದಲ್ಲ.

ವರ್ತಕರ ಕಚೇರಿಗೂ ಇದೇ ನ್ಯಾಯ ಅನ್ವಯಿಸುತ್ತದೆ. ಬಿಲ್ಲು, ತೂಕದ ಚೀಟಿ, ಲಾರಿ ರಸೀದಿಗಳನ್ನು ಸ್ಕ್ಯಾನ್ ಮಾಡಿ ಇಟ್ಟರಷ್ಟೇ ಸಾಲದು. ಲೆಕ್ಕಪತ್ರ ತಂತ್ರಾಂಶದ ವೋಚರ್ ಸಂಖ್ಯೆಯೇ ಪ್ರತಿ ಕಾಗದಕ್ಕೂ ಕೊಂಡಿಯಾಗಬೇಕು. ವಾರ್ಷಿಕ ವಹಿವಾಟು 5 ಕೋಟಿ ರೂಪಾಯಿ ಮೀರಿದ ವರ್ತಕರು ಇತರ ನೋಂದಾಯಿತ ವರ್ತಕರಿಗೆ ಮಾಡುವ ಮಾರಾಟಕ್ಕೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕಡ್ಡಾಯವಾಗಿರುವುದರಿಂದ, ಅದರ ಉಲ್ಲೇಖ ಸಂಖ್ಯೆಯೂ ಕಡತದೊಡನೆ ಸೇರುವಂತೆ ತಂತ್ರಾಂಶವನ್ನು ಮಾರ್ಪಡಿಸಿಕೊಳ್ಳಬೇಕು.

ತಂತ್ರಾಂಶ ಕೊಳ್ಳುವ ಮುನ್ನ ಮೂರು ಪ್ರಶ್ನೆ ಕೇಳುವುದು ಒಳಿತು. ನಮಗೆ ಬೇಕಾದ ಅಂಕಣಗಳನ್ನು ನಾವೇ ಸೇರಿಸಬಹುದೇ? ಯಾರು ನೋಡಬಹುದು, ಯಾರು ತಿದ್ದಬಹುದು ಎಂಬುದನ್ನು ಪ್ರತ್ಯೇಕವಾಗಿ ನಿಗದಿಪಡಿಸಬಹುದೇ? ನಾಳೆ ಬೇರೆ ತಂತ್ರಾಂಶಕ್ಕೆ ಹೋಗಬೇಕಾದರೆ ಎಲ್ಲ ದಾಖಲೆಗಳೂ ಅವುಗಳ ವಿವರಸಹಿತ ಹೊರಬರುತ್ತವೆಯೇ? ಮೂರನೆಯದಕ್ಕೆ ಲಿಖಿತ ಉತ್ತರ ದೊರೆಯದಿದ್ದರೆ ಮುಂಗಡ ಕೊಡದಿರುವುದೇ ಲೇಸು.