ಮಾರ್ಪಡಿಸಿದ ಬಿಡಿಭಾಗದ ಮಾರಾಟ: ಪೇಂಟ್‌ಬಾಲ್ ಲೋಕದ ಒಂದು ಕುಶಲ ವ್ಯವಹಾರ

ಪೇಂಟ್‌ಬಾಲ್ ಆಟದಲ್ಲಿ ಬಣ್ಣದ ಗುಂಡು ಹಾರಿಸುವ ಸಾಧನವನ್ನು ಬಂದೂಕು ಎನ್ನದೆ ಮಾರ್ಕರ್, ಅಂದರೆ ಗುರುತು ಹಾಕುವ ಉಪಕರಣ, ಎಂದು ಕರೆಯುವುದಕ್ಕೆ ಅದರ ಹುಟ್ಟಿನಲ್ಲಿಯೇ ಕಾರಣವಿದೆ. ಮರಗಳನ್ನೂ ದನಗಳನ್ನೂ ದೂರದಿಂದಲೇ ಗುರುತು ಮಾಡಲೆಂದು ಅಮೆರಿಕದ ನೆಲ್ಸನ್ ಪೇಂಟ್ ಕಂಪನಿ ಮಾರುತ್ತಿದ್ದ ನೆಲ್‌ಸ್ಪಾಟ್ 007 ಎಂಬ ಪಿಸ್ತೂಲನ್ನು ಹಿಡಿದು, 1981ರ ಜೂನ್ 27ರಂದು ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹೆನ್ನಿಕರ್‌ನ ಕಾಡಿನಲ್ಲಿ ಹನ್ನೆರಡು ಮಂದಿ ಈ ಆಟವನ್ನು ಮೊದಲ ಬಾರಿಗೆ ಆಡಿದರು. ದುಡಿಮೆಗೆಂದು ತಯಾರಾದ ಉಪಕರಣವು ಆಟಕ್ಕೆ ಒಗ್ಗಬೇಕಾದಾಗ ಅದನ್ನು ತಿದ್ದುವ ಅಗತ್ಯ ಬಿದ್ದುದು ಸಹಜವೇ ಆಗಿತ್ತು. ಆ ತಿದ್ದುವಿಕೆಯೇ ಮುಂದೆ ಒಂದು ಕುಶಲಕಲೆಯಾಗಿ, ತಿದ್ದಿದ ಬಿಡಿಭಾಗಗಳ ಕೊಡುಕೊಳ್ಳುವಿಕೆಯಾಗಿ ಬೆಳೆಯಿತು.

ಈ ಕಲೆಗೆ ಅತಿ ಹೆಚ್ಚು ಒಡ್ಡಿಕೊಂಡ ಮಾರ್ಕರ್‌ಗಳಲ್ಲಿ ಬಡ್ ಆರ್ ಅವರ ವರ್ ಗೇಮ್ ಪ್ರಾಡಕ್ಟ್ಸ್ ಸಂಸ್ಥೆಯ ಆಟೋಕಾಕರ್ ಪ್ರಮುಖವಾದುದು. ಅದರ ಕುದುರೆಯನ್ನು, ಎಂದರೆ ಟ್ರಿಗರನ್ನು, ಎಳೆದಾಗ ಮೊದಲು ಸುತ್ತಿಗೆಯಂಥ ಒಂದು ಭಾಗ ಬಿಡುಗಡೆಗೊಂಡು ಕವಾಟಕ್ಕೆ ಬಡಿದು ಗುಂಡನ್ನು ಹಾರಿಸುತ್ತದೆ. ಎಳೆತ ಮುಂದುವರಿದಾಗ ತ್ರೀ-ವೇ ಎಂದು ಕರೆಯಲಾಗುವ ಒಂದು ಪುಟ್ಟ ಕವಾಟವು ಗಾಳಿಯ ದಿಕ್ಕನ್ನು ಬದಲಿಸಿ, ಬೋಲ್ಟ್ ಎಂಬ ಕೊಳವೆಯನ್ನು ಹಿಂದೆ ಸರಿಸಿ, ಮುಂದಿನ ಗುಂಡು ಕೆಳಗಿಳಿಯಲು ಎಡೆ ಮಾಡಿಕೊಡುತ್ತದೆ. ಈ ಅನುಕ್ರಮಕ್ಕೆ ಆಟಗಾರರು ಟೈಮಿಂಗ್ ಎನ್ನುತ್ತಾರೆ. ಟ್ರಿಗರಿನ ಎಳೆತವನ್ನು ಕಿರಿದುಗೊಳಿಸಲು ಒಂದು ಭಾಗವನ್ನು ಅರೆದರೆ ಇಡೀ ಅನುಕ್ರಮವನ್ನೇ ಮತ್ತೆ ಹೊಂದಿಸಬೇಕಾಗುತ್ತದೆ. ಹೊಂದಿಸದಿದ್ದರೆ ಅರ್ಧ ಇಳಿದ ಗುಂಡು ಬೋಲ್ಟಿಗೆ ಸಿಕ್ಕಿ ಒಳಗೇ ಒಡೆಯಬಹುದು.

ಆದ್ದರಿಂದಲೇ ಮಾರ್ಪಡಿಸಿದ ಭಾಗವನ್ನು ಮಾರುವುದು ಹೊಸ ಭಾಗವನ್ನು ಮಾರಿದಂತಲ್ಲ. ಕಾರ್ಖಾನೆಯಿಂದ ಬಂದ ಭಾಗಕ್ಕೆ ಅಳತೆಯೂ ಮಾದರಿಯ ಹೆಸರೂ ಇರುತ್ತವೆ. ಲೇತಿನಲ್ಲೋ ಮಿಲ್ಲಿಂಗ್ ಯಂತ್ರದಲ್ಲೋ ಒಮ್ಮೆ ರೂಪ ಬದಲಿಸಿದ ಭಾಗಕ್ಕೆ ಮಾರುವವನ ಮಾತೇ ದಾಖಲೆ. ಅದು ಮೂಲದಲ್ಲಿ ಯಾವ ಮಾದರಿಯದು, ಎಲ್ಲಿ ಎಷ್ಟು ಲೋಹವನ್ನು ತೆಗೆಯಲಾಗಿದೆ, ಥ್ರೆಡ್ಡುಗಳು ಸವೆದಿವೆಯೇ, ಯಾವ ಜೊತೆ ಭಾಗಗಳಿಲ್ಲದೆ ಅದು ಕೆಲಸ ಮಾಡದು ಎಂಬುದನ್ನೆಲ್ಲ ಆತ ಛಾಯಾಚಿತ್ರಗಳ ಸಮೇತ ತಿಳಿಸಬೇಕಾಗುತ್ತದೆ.

ಬಣ್ಣದ ವಿಷಯದಲ್ಲಿಯೂ ಇದೇ ಪ್ರಾಮಾಣಿಕತೆ ಅಗತ್ಯ. ಅಲ್ಯೂಮಿನಿಯಂ ಭಾಗವನ್ನು ಆಮ್ಲದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದಾಗ ಅದರ ಮೇಲ್ಮೈ ಗಟ್ಟಿಯಾದ ಆಕ್ಸೈಡ್ ಪದರವಾಗುತ್ತದೆ. ಆ ಪದರದ ಸೂಕ್ಷ್ಮ ರಂಧ್ರಗಳು ಬಣ್ಣವನ್ನು ಹೀರಿಕೊಳ್ಳುತ್ತವೆ. ಅನೋಡೈಸಿಂಗ್ ಎಂಬ ಈ ಕ್ರಿಯೆಯನ್ನು ಮತ್ತೊಮ್ಮೆ ಮಾಡಲು ಹಳೆಯ ಪದರವನ್ನು ಕರಗಿಸುವಾಗ ಲೋಹವೂ ಕೊಂಚ ಕರಗುವುದರಿಂದ, ಹಲವು ಬಾರಿ ಬಣ್ಣ ಬದಲಿಸಿದ ಭಾಗವು ನೋಟಕ್ಕೆ ಹೊಸದಾಗಿದ್ದರೂ ಜೋಡಣೆಯಲ್ಲಿ ಸಡಿಲವಾಗಿರಬಹುದು.

ಇದಕ್ಕಿಂತ ಗಂಭೀರವಾದುದು ಒತ್ತಡದ ಪ್ರಶ್ನೆ. ಸಾಮಾನ್ಯವಾಗಿ ಗಾಳಿಯ ಸಿಲಿಂಡರಿನಲ್ಲಿ ಚದರ ಇಂಚಿಗೆ 3000 ಅಥವಾ 4500 ಪೌಂಡ್ ಒತ್ತಡವಿದ್ದು, ಅದನ್ನು ನಿಯಂತ್ರಕಗಳು ಹಂತಹಂತವಾಗಿ ತಗ್ಗಿಸುತ್ತವೆ. ಹಿಡಿಯ ಕವಚವನ್ನು ಕೆತ್ತಿದರೆ ಅಂದ ಮಾತ್ರ ಬದಲಾಗುತ್ತದೆ. ನಿಯಂತ್ರಕವನ್ನೋ ಕವಾಟವನ್ನೋ ಕೊರೆದು ಅದರ ಗೋಡೆಯನ್ನು ತೆಳುಗೊಳಿಸಿದರೆ ಕೊಳ್ಳುವವನ ಕಣ್ಣಿಗೆ ಅಪಾಯವಾಗುತ್ತದೆ. ಅಂಥ ಭಾಗದ ವಿವರವನ್ನು ಮುಚ್ಚಿಟ್ಟು ಮಾರುವುದಕ್ಕಿಂತ ಅದನ್ನು ಮಾರದಿರುವುದೇ ಲೇಸು.

ಬೆಲೆಯನ್ನು ಕಟ್ಟುವಾಗ ಮಾರುವವನು ತಾನು ಕುಶಲಕರ್ಮಿಗೆ ತೆತ್ತ ಕೂಲಿಯೆಲ್ಲವೂ ಮರಳಿ ಬರುವುದೆಂದು ಎಣಿಸಲಾಗದು, ಏಕೆಂದರೆ ಒಬ್ಬನ ಅಂಗೈಗೂ ರುಚಿಗೂ ತಕ್ಕಂತೆ ಮಾಡಿಸಿದ್ದು ಇನ್ನೊಬ್ಬನಿಗೆ ಹೊರೆಯೂ ಆಗಬಹುದು. ಬದಲಿಸುವ ಮೊದಲಿದ್ದ ಮೂಲ ಭಾಗವನ್ನು ಕಾಪಿಟ್ಟು ಜೊತೆಗೇ ಕೊಟ್ಟರೆ, ಹಿಂದಿನ ಸ್ಥಿತಿಗೆ ಮರಳುವ ದಾರಿ ಉಳಿಯುವುದರಿಂದ ಕೊಳ್ಳುವವನ ವಿಶ್ವಾಸ ಹೆಚ್ಚುತ್ತದೆ.

ಭಾಗವು ಕೈ ಬದಲಿಸಿದ ಮೇಲೂ ಹೊಣೆ ಮುಗಿಯುವುದಿಲ್ಲ. ಹೊಸ ಒಡೆಯನು ಅದನ್ನು ಜೋಡಿಸಿ, ಟೈಮಿಂಗ್ ಸರಿಪಡಿಸಿ, ಗುಂಡಿನ ವೇಗವನ್ನು ಅಳೆಯುವ ಕ್ರೋನೋಗ್ರಾಫ್ ಯಂತ್ರದ ಮುಂದೆ ಪರೀಕ್ಷಿಸಿ, ವೇಗವು ಆಟದಲ್ಲಿ ರೂಢಿಯಲ್ಲಿರುವ ಸೆಕೆಂಡಿಗೆ 300 ಅಡಿಯ ಮಿತಿಯನ್ನು ದಾಟದೆಂದು ಖಚಿತಪಡಿಸಿಕೊಂಡ ನಂತರವೇ ಮೈದಾನಕ್ಕೆ ಇಳಿಯಬೇಕು. ಆ ಪರೀಕ್ಷೆಯಲ್ಲಿ ಎಲ್ಲಿ ಏನನ್ನು ಗಮನಿಸಬೇಕೆಂದು ಅವನಿಗೆ ತಿಳಿಸಿಕೊಡುವುದು ಮಾರಿದವನು ಬರೆದುಕೊಟ್ಟ ವಿವರವೇ.