ಹಿತ್ತಲ ಕೋಳಿಗಳ ಅನಾರೋಗ್ಯ ಮತ್ತು ಆರೈಕೆ

ಹಿತ್ತಲ ಕೋಳಿಗಳ ಆರೈಕೆ ಎಂದರೆ ಮನೆಯ ಅಂಗಳದಲ್ಲಿ ಅಥವಾ ಹಿತ್ತಲಿನಲ್ಲಿ ಸಾಕಿದ ಕೋಳಿಗಳ ಕಾಯಿಲೆಯನ್ನು ಗುರುತಿಸಿ, ಕಾಯಿಲೆಯ ಕೋಳಿಯನ್ನು ಬೇರ್ಪಡಿಸಿ ಉಪಚರಿಸುವ ಹಾಗೂ ಉಳಿದವುಗಳನ್ನು ರಕ್ಷಿಸುವ ಕ್ರಮ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಶಿರವಾಳವೂ ಸೇರಿದಂತೆ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಇಂತಹ ಊರ ಕೋಳಿಗಳನ್ನು ಜವಾರಿ ಕೋಳಿ ಎಂದೂ, ದಕ್ಷಿಣದಲ್ಲಿ ನಾಟಿ ಕೋಳಿ ಎಂದೂ ಕರೆಯುತ್ತಾರೆ. ಇವು ಓಣಿಯ ಇತರ ಮನೆಗಳ ಕೋಳಿಗಳೊಂದಿಗೆ ಬೆರೆತು ಮೇಯುವುದರಿಂದ ಒಂದು ಮನೆಯ ರೋಗ ಬೇಗನೆ ಇಡೀ ಊರಿನ ರೋಗವಾಗುತ್ತದೆ.

ಅನಾರೋಗ್ಯದ ಲಕ್ಷಣಗಳು

ಕೋಳಿ ತನ್ನ ನೋವನ್ನು ಸುಲಭವಾಗಿ ತೋರಗೊಡುವುದಿಲ್ಲ. ಹೊರಗೆ ಕಾಣುವ ಹೊತ್ತಿಗೆ ಕಾಯಿಲೆ ಬಲಿತಿರುವುದೇ ಹೆಚ್ಚು. ಆದ್ದರಿಂದ ಬೆಳಿಗ್ಗೆ ಗೂಡು ತೆರೆದಾಗ ಮತ್ತು ಕಾಳು ಹಾಕುವಾಗ ಗಮನಿಸುವುದು ಉತ್ತಮ. ಗುಂಪಿನಿಂದ ದೂರ ನಿಲ್ಲುವುದು, ಗರಿ ಕೆದರಿಕೊಂಡು ತೂಗಡಿಸುವುದು, ರೆಕ್ಕೆ ಜೋಲುಬಿಡುವುದು, ಜುಟ್ಟು ಬಿಳಿಚಿಕೊಳ್ಳುವುದು ಅಥವಾ ನೀಲಿಗಟ್ಟುವುದು, ಮೊಟ್ಟೆ ನಿಲ್ಲುವುದು ಮುಖ್ಯ ಸೂಚನೆಗಳು.

ಆರೋಗ್ಯವಂತ ಕೋಳಿಯ ದೇಹದ ಉಷ್ಣಾಂಶ ಸುಮಾರು 41 ಡಿಗ್ರಿ ಸೆಲ್ಸಿಯಸ್. ಕೋಳಿಗೆ ಬೆವರಿನ ಗ್ರಂಥಿಗಳಿಲ್ಲ. ಯಾದಗಿರಿ ಭಾಗದಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟಿದಾಗ ಎಲ್ಲ ಕೋಳಿಗಳೂ ಬಾಯಿ ತೆರೆದು ಏದುಸಿರು ಬಿಡುತ್ತವೆ. ನೆರಳು, ತಣ್ಣೀರು ಸಿಕ್ಕರೆ ಇದು ಕಡಿಮೆಯಾಗುತ್ತದೆ. ತಂಪಾದ ಮುಂಜಾನೆಯಲ್ಲಿಯೂ ಏದುಸಿರು ಮುಂದುವರಿದರೆ ಅದು ಉಸಿರಾಟದ ಕಾಯಿಲೆಯ ಲಕ್ಷಣವಾಗಿರಬಹುದು.

ಪ್ರಥಮ ಉಪಚಾರ

ಕಾಯಿಲೆಯ ಕೋಳಿಯನ್ನು ಮೊದಲು ಬೇರ್ಪಡಿಸಬೇಕು. ಗಾಳಿಯಾಡುವ ಬುಟ್ಟಿ ಅಥವಾ ರಟ್ಟಿನ ಪೆಟ್ಟಿಗೆಯಲ್ಲಿ ಒಣಹುಲ್ಲು ಹಾಸಿ, ಚಳಿಗಾಳಿ ಮತ್ತು ಬಿಸಿಲು ತಾಗದ ಕಡೆ ಇರಿಸಬೇಕು. ನೀರಿನ ಬಟ್ಟಲು ಬೇರೆಯೇ ಇರಬೇಕು. ಆರೋಗ್ಯವಂತ ಕೋಳಿಗಳ ಕೆಲಸ ಮುಗಿಸಿದ ನಂತರವೇ ಇದನ್ನು ಮುಟ್ಟಿ, ಕೈಯನ್ನು ಸಾಬೂನಿನಿಂದ ತೊಳೆಯಬೇಕು.

ಮೇವಿಗಿಂತ ನೀರು ಮುಖ್ಯ. ಕೋಳಿಯ ಶ್ವಾಸನಾಳದ ಬಾಯಿ ನಾಲಿಗೆಯ ಬುಡದಲ್ಲಿಯೇ ಇರುವುದರಿಂದ ಬಲವಂತವಾಗಿ ನೀರು ಅಥವಾ ಔಷಧ ಸುರಿದರೆ ಅದು ಶ್ವಾಸಕೋಶ ಸೇರಿ ಕೋಳಿ ಸಾಯಬಹುದು. ಕೊಕ್ಕಿನ ತುದಿಗೆ ಹನಿಹನಿಯಾಗಿ ತಾಗಿಸಿ, ಅದೇ ನುಂಗುವಂತೆ ಮಾಡುವುದು ಸುರಕ್ಷಿತ.

ಮುಖ್ಯ ರೋಗಗಳು

ಕೊಕ್ಕರೆ ರೋಗ: ವೈರಾಣುವಿನಿಂದ ಬರುವ ಈ ರೋಗವನ್ನು ರಾಣಿಖೇತ್ ರೋಗ ಎಂದೂ ಕರೆಯುತ್ತಾರೆ. 1920ರ ದಶಕದ ಕೊನೆಯಲ್ಲಿ ಇದು ಕುಮಾಊಂ ಪ್ರದೇಶದ ರಾಣಿಖೇತ್‌ನಲ್ಲಿ ಕಾಣಿಸಿಕೊಂಡದ್ದರಿಂದ ಭಾರತದಲ್ಲಿ ಆ ಹೆಸರು ಬಂತು. ಹಸಿರು ಭೇದಿ, ಏದುಸಿರು, ಕತ್ತು ತಿರುಚುವಿಕೆ, ಕಾಲು ಮತ್ತು ರೆಕ್ಕೆಗಳ ಪಾರ್ಶ್ವವಾಯು ಇದರ ಲಕ್ಷಣಗಳು. ಇದನ್ನು ಗುಣಪಡಿಸುವ ಔಷಧವಿಲ್ಲ.

ಕೋಳಿ ಸಿಡುಬು: ಜುಟ್ಟು ಮತ್ತು ಕಣ್ಣಿನ ಸುತ್ತ ಗಂಟುಗಳೇಳುತ್ತವೆ. ಇದನ್ನು ಸೊಳ್ಳೆಗಳೂ ಹರಡುತ್ತವೆ. ಗಂಟುಗಳು ಬಾಯಿ, ಗಂಟಲಿಗೆ ಹಬ್ಬದಿದ್ದರೆ ಹಲವು ಕೋಳಿಗಳು ಕೆಲವು ವಾರಗಳಲ್ಲಿ ಚೇತರಿಸಿಕೊಳ್ಳುತ್ತವೆ.

ರಕ್ತಭೇದಿ: ಮರಿಗಳಲ್ಲಿ ಹೆಚ್ಚು. ಕಾಕ್ಸಿಡಿಯಾ ಎಂಬ ಏಕಕೋಶ ಪರಾವಲಂಬಿ ಇದಕ್ಕೆ ಕಾರಣ. ಒದ್ದೆ ಹಾಸು ಇದನ್ನು ಹೆಚ್ಚಿಸುತ್ತದೆ. ಪಶುವೈದ್ಯರ ಸಲಹೆಯಂತೆ ಬೇಗ ಔಷಧ ಕೊಟ್ಟರೆ ಗುಣವಾಗುತ್ತದೆ.

ರೋಗ ಹರಡುವ ಬಗೆ

ಒಂದೆರಡು ಕೋಳಿ ಸಾಯುತ್ತಲೇ ಉಳಿದವನ್ನು ಸಂತೆಯಲ್ಲಿ ಮಾರುವುದು ಅಥವಾ ಕೊಯ್ದು ಹಂಚುವುದು ನಷ್ಟ ತಪ್ಪಿಸುವ ಉಪಾಯದಂತೆ ಕಾಣುತ್ತದೆ. ಆದರೆ ಲಕ್ಷಣ ಕಾಣುವ ಮೊದಲೇ ಕೋಳಿಯ ದೇಹದಲ್ಲಿ ವೈರಾಣು ಇರಬಹುದು. ಮಾರಿದ ಕೋಳಿ ರೋಗವನ್ನು ಮತ್ತೊಂದು ಊರಿಗೆ ಒಯ್ಯುತ್ತದೆ. ತಿಪ್ಪೆಗೆ ಎಸೆದ ಗರಿ ಮತ್ತು ಕರುಳುಗಳನ್ನು ನೆರೆಮನೆಯ ಕೋಳಿಗಳು ಕೆದಕುತ್ತವೆ. ಸತ್ತ ಕೋಳಿಯನ್ನು ಸುಣ್ಣ ಹಾಕಿ ನಾಯಿಗಳು ಅಗೆಯದಷ್ಟು ಆಳದಲ್ಲಿ ಹೂಳಬೇಕು.

ಹಠಾತ್ತನೆ ಅನೇಕ ಕೋಳಿಗಳು ಸತ್ತರೆ ಹಕ್ಕಿಜ್ವರದ ಸಾಧ್ಯತೆಯೂ ಇರುತ್ತದೆ. 2012ರಲ್ಲಿ ಬೆಂಗಳೂರು ಸಮೀಪದ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳಲ್ಲಿ ಈ ರೋಗ ಪತ್ತೆಯಾಗಿತ್ತು. ಹಕ್ಕಿಜ್ವರ ಮನುಷ್ಯರಿಗೂ ತಗುಲಬಹುದಾದ್ದರಿಂದ ಸತ್ತ ಕೋಳಿಗಳನ್ನು ಬರಿಗೈಯಲ್ಲಿ ಮುಟ್ಟದೆ ಪಶುಪಾಲನಾ ಇಲಾಖೆಗೆ ತಿಳಿಸಬೇಕು. ಪಶುಚಿಕಿತ್ಸೆಯ ಸಹಾಯವಾಣಿ ಸಂಖ್ಯೆ 1962.

ಲಸಿಕೆ

ಕೊಕ್ಕರೆ ರೋಗಕ್ಕೆ ಲಸಿಕೆಯೇ ಮುಖ್ಯ ರಕ್ಷಣೆ. ಮರಿಗಳಿಗೆ ಮೊದಲ ವಾರದಲ್ಲಿ ಕಣ್ಣಿಗೆ ಅಥವಾ ಮೂಗಿಗೆ ಹನಿಯಾಗಿ ಎಫ್ ಅಥವಾ ಲಾಸೋಟಾ ಲಸಿಕೆಯನ್ನೂ, ಸುಮಾರು 8 ವಾರಗಳಾದಾಗ ಆರ್2ಬಿ ಚುಚ್ಚುಮದ್ದನ್ನೂ ಕೊಡುವುದು ವಾಡಿಕೆ. ಆರೋಗ್ಯವಂತ ಕೋಳಿಗಳಿಗೆ ಮಾತ್ರ ಇದನ್ನು ಕೊಡಬೇಕು. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಮಹಾವಿದ್ಯಾಲಯದಲ್ಲಿ ಅಭಿವೃದ್ಧಿಪಡಿಸಿದ ಗಿರಿರಾಜ ತಳಿಯಂತಹ ಗಟ್ಟಿ ಕೋಳಿಗಳಿಗೂ ಲಸಿಕೆ ಅಗತ್ಯ.

ಸಣ್ಣ ಸಾಕಣೆದಾರರಿಗೆ ಇಲ್ಲಿ ಒಂದು ತೊಡಕಿದೆ. ಲಸಿಕೆಯ ಸೀಸೆಯಲ್ಲಿ ಸಾಮಾನ್ಯವಾಗಿ 100 ಅಥವಾ ಅದಕ್ಕಿಂತ ಹೆಚ್ಚು ಕೋಳಿಗಳಿಗೆ ಸಾಲುವಷ್ಟು ಮದ್ದು ಇರುತ್ತದೆ. ಕಲಸಿದ ನಂತರ ಒಂದೆರಡು ಗಂಟೆಗಳೊಳಗೆ ಅದನ್ನು ಬಳಸಿ ಮುಗಿಸಬೇಕು. ಐದಾರು ಕೋಳಿಗಳಿರುವ ಮನೆಯೊಂದು ಒಂಟಿಯಾಗಿ ಲಸಿಕೆ ಹಾಕಿಸುವುದು ಕಷ್ಟ. ಓಣಿಯ ಹಲವು ಮನೆಗಳು ಸೇರಿ, ಪಶುವೈದ್ಯರೊಂದಿಗೆ ದಿನ ಗೊತ್ತುಮಾಡಿಕೊಂಡು, ಕೋಳಿಗಳನ್ನು ಗೂಡಿನಿಂದ ಬಿಡುವ ಮೊದಲೇ ಮುಂಜಾನೆ ಲಸಿಕೆ ಹಾಕಿಸಿದರೆ ಒಂದು ಸೀಸೆ ಇಡೀ ಓಣಿಗೆ ಸಾಕಾಗುತ್ತದೆ. ಒಟ್ಟಾಗಿ ಮೇಯುವ ಕೋಳಿಗಳಿಗೆ ರಕ್ಷಣೆಯೂ ಒಟ್ಟಾಗಿಯೇ ದೊರೆಯುತ್ತದೆ.