ಗುರಿ ತಪ್ಪಿದರೆ 150 ಮೀಟರ್, ಅಷ್ಟೆ!

ಬಯಾಥ್ಲಾನ್ ಅಂದರೆ ನಮ್ಮ ಕಡೆ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹಿಮವೇ ಬೀಳದ ಊರಿನಲ್ಲಿ ಸ್ಕೀ ಮಾಡುತ್ತಾ ಗುಂಡು ಹೊಡೆಯುವ ಆಟ ಯಾರಿಗೆ ತಾನೇ ಬೇಕು? ನನಗೆ ಅದರ ಹುಚ್ಚು ಹಿಡಿದದ್ದು ಕಾಲೇಜಿನಲ್ಲಿ ಎನ್‌ಸಿಸಿ ಸೇರಿದ ಮೇಲೆ. ಕ್ಯಾಂಪಿನಲ್ಲಿ ನಾವು ಹೊಡೆಯುತ್ತಿದ್ದದ್ದು .22 ರೈಫಲ್. ಚಳಿಗಾಲದ ಒಲಿಂಪಿಕ್ಸ್‌ನ ವಿಡಿಯೊ ನೋಡಿದಾಗ ಗೊತ್ತಾಯಿತು, ಬಯಾಥ್ಲಾನ್‌ನಲ್ಲೂ ಅದೇ .22. ನಾವು ನೆಲದ ಮೇಲೆ ಮಲಗಿ, ಉಸಿರು ಹದಕ್ಕೆ ತಂದುಕೊಂಡು ಟ್ರಿಗರ್ ಒತ್ತುತ್ತಿದ್ದೆವು. ಅವರಿಗೆ ಆ ಸುಖವಿಲ್ಲ. ಮೂರೂವರೆ ಕಿಲೊಗಿಂತ ಕಡಿಮೆಯಿಲ್ಲದ ರೈಫಲ್ ಬೆನ್ನಿಗೇರಿಸಿ, ಹಿಮದ ಏರು ಹತ್ತಿಳಿದು ಬಂದು, ಎದೆ ಡವಡವ ಹೊಡೆದುಕೊಳ್ಳುತ್ತಿರುವಾಗಲೇ ಗುರಿ ಹಿಡಿಯಬೇಕು.

50 ಮೀಟರ್ ದೂರದಲ್ಲಿ ಸಾಲಾಗಿ ಐದು ಗುರಿಗಳು. ಮಲಗಿ ಹೊಡೆಯುವಾಗ ಗುರಿಯ ಅಗಲ ಬರೀ 45 ಮಿಲಿಮೀಟರ್, ನಿಂತು ಹೊಡೆಯುವಾಗ 115. ಗುಂಡು ತಗುಲಿದರೆ ಕಪ್ಪು ವೃತ್ತ ಬಿಳಿಯಾಗುತ್ತದೆ. ತಪ್ಪಿದರೆ ಪಕ್ಕದಲ್ಲೇ ಇರುವ 150 ಮೀಟರ್‌ನ ದಂಡದ ಸುತ್ತು ಹಾಕಬೇಕು. ಒಂದು ತಪ್ಪಿಗೆ ಒಂದು ಸುತ್ತು, ಎರಡಕ್ಕೆ ಎರಡು. ಇಪ್ಪತ್ತು ಚಿಲ್ಲರೆ ಸೆಕೆಂಡುಗಳ ಕೆಲಸ. ಸುತ್ತು ಮುಗಿಯಿತೋ, ಆ ತಪ್ಪಿನ ಲೆಕ್ಕ ಚುಕ್ತಾ. ಮತ್ತೆ ಮುಖ್ಯ ಹಾದಿಗೆ.

ದಂಡ ಹಗುರವೇನಲ್ಲ. 1960ರಲ್ಲಿ ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ ಈ ಆಟ ಮೊದಲ ಸಲ ಒಲಿಂಪಿಕ್ಸ್‌ಗೆ ಬಂದಾಗ ಪ್ರತಿ ತಪ್ಪಿಗೂ ಎರಡು ನಿಮಿಷ ಸೇರಿಸುತ್ತಿದ್ದರು. ಸ್ಕೀ ವೇಗದಲ್ಲಿ ಹದಿನೈದನೆಯವನಾಗಿದ್ದ ಸ್ವೀಡನ್‌ನ ಕ್ಲಾಸ್ ಲೆಸ್ಟಾಂಡರ್ ಇಪ್ಪತ್ತಕ್ಕೆ ಇಪ್ಪತ್ತೂ ಹೊಡೆದು ಚಿನ್ನ ಗೆದ್ದ.

ಆದರೆ ಗೆಲ್ಲಲು ಇಪ್ಪತ್ತಕ್ಕೆ ಇಪ್ಪತ್ತು ಬೇಕೇಬೇಕು ಎಂದೇನಿಲ್ಲ. 2018ರ ಪ್ಯೋಂಗ್‌ಚಾಂಗ್ ಒಲಿಂಪಿಕ್ಸ್‌ನ 15 ಕಿ.ಮೀ. ಮಾಸ್ ಸ್ಟಾರ್ಟ್ ನೋಡಿ. ಫ್ರಾನ್ಸ್‌ನ ಮಾರ್ಟಿನ್ ಫೋರ್ಕಾಡ್ ಗುರಿ ತಪ್ಪಿ ದಂಡದ ಸುತ್ತು ಹಾಕಿದ್ದ. ಆದರೂ ಕೊನೆಯಲ್ಲಿ ಜರ್ಮನಿಯ ಸೈಮನ್ ಶೆಂಪ್ ಜೊತೆ ಸರಿಸಮನಾಗಿ ಗೆರೆ ದಾಟಿದ. ನಾಲ್ಕು ವರ್ಷ ಹಿಂದೆ ಸೋಚಿಯಲ್ಲಿ ಇದೇ ಸ್ಪರ್ಧೆಯ ಚಿನ್ನ ಫೋಟೊ ಫಿನಿಷ್‌ನಲ್ಲೇ ಕೈತಪ್ಪಿತ್ತು. ಈ ಸಲವೂ ಹೋಯಿತು ಅಂದುಕೊಂಡು ಕೈಯಲ್ಲಿದ್ದ ಕೋಲನ್ನು ಸಿಟ್ಟಿನಿಂದ ಬಡಿದ. ಫೋಟೊ ಬಂದಾಗ ನೋಡಿದರೆ, ಚಿನ್ನ ಅವನದೇ!

ಇದನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ನನ್ನ ಗೆಳೆಯ. ಅವನು ಪಿಯುಸಿಯಲ್ಲಿ ಒಂದು ವಿಷಯದಲ್ಲಿ ಫೇಲಾಗಿದ್ದ. ಎರಡೇ ತಿಂಗಳಲ್ಲಿ ಪೂರಕ ಪರೀಕ್ಷೆ ಬರೆದು ಪಾಸಾದ. ಈಗ ಡಿಗ್ರಿ ಕೊನೆಯ ವರ್ಷ, ಓದಿನಲ್ಲಿ ಚೆನ್ನಾಗಿಯೇ ಇದ್ದಾನೆ. ಆದರೂ ನೆಂಟರ ಬಾಯಲ್ಲಿ ಅವನಿನ್ನೂ ‘ಪಿಯುಸಿಯಲ್ಲಿ ಡುಮ್ಕಿ ಹೊಡೆದ ಹುಡುಗ’. ಅವನು ಮದುವೆ ಮನೆಗಳಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಎಷ್ಟು ಕರೆದರೂ ‘ನೀವು ಹೋಗಿ ಬನ್ನಿ’ ಅನ್ನುತ್ತಾನೆ. ಅವನು ದಂಡದ ಸುತ್ತು ಮುಗಿಸಿ ಮೂರು ವರ್ಷವಾಯಿತು. ನಾವೇ ಅವನನ್ನು ಮುಖ್ಯ ಹಾದಿಗೆ ಬಿಟ್ಟಿಲ್ಲ.

ಬಯಾಥ್ಲಾನ್ ರಿಲೇಯಲ್ಲಿ ಇನ್ನೊಂದು ನಿಯಮವಿದೆ. ಐದು ಗುಂಡಿನಲ್ಲಿ ಗುರಿ ಮುಗಿಯದಿದ್ದರೆ ಮೂರು ಹೆಚ್ಚುವರಿ ಗುಂಡು ಬಳಸಬಹುದು. ಒಂದೊಂದನ್ನೂ ಕೈಯಿಂದಲೇ ತುಂಬಿಕೊಳ್ಳಬೇಕು, ಸಮಯ ಹೋಗುತ್ತದೆ. ಆದರೆ ಹಾಗೆ ಬಿಳಿಯಾದ ವೃತ್ತವೂ ಮೊದಲ ಗುಂಡಿಗೆ ಬಿಳಿಯಾದ ವೃತ್ತದಷ್ಟೇ ಬಿಳಿ. ಪೂರಕ ಪರೀಕ್ಷೆಯಲ್ಲಿ ಬಂದ ಪಾಸನ್ನು ನಾವು ಹಾಗೆ ನೋಡುತ್ತೇವೆಯೇ?

ತಪ್ಪಿಗೆ ದಂಡ ಇರಲಿ, ಬೇಡ ಅನ್ನುವುದಿಲ್ಲ. ಅದಕ್ಕೊಂದು ಅಳತೆ ಇರಲಿ. ಮುಂದಿನ ಸಲ ಫಲಿತಾಂಶ ಬಂದಾಗ, ಫೇಲಾದ ಹುಡುಗನೋ ಹುಡುಗಿಯೋ ಎದುರು ಸಿಕ್ಕರೆ ‘ಯಾಕೆ ಹೀಗಾಯ್ತು?’ ಅನ್ನಬೇಡಿ. ‘ಮುಂದಿನ ಪರೀಕ್ಷೆ ಯಾವಾಗ?’ ಅಂತ ಕೇಳಿ, ಸಾಕು.